ಆ ಕಾಗದಕ್ಕೆ ಅಪ್ಪನೊಬ್ಬನೇ ಯಾಕೆ ಸೈನ್ ಹಾಕಬೇಕು?

ಮಾನ್ಯ ಸಂಪಾದಕರಿಗೆ ನಮಸ್ಕಾರ.

ನಾನು ಇಪ್ಪತ್ತಾರು ವರ್ಷ ನರ್ಸ್ ಆಗಿದ್ದು ನಿವೃತ್ತಳಾದವಳು. ಅದರಲ್ಲಿ ಹೆಚ್ಚಿನ ವರ್ಷ ಕಳೆದದ್ದು ಹಸುಗೂಸುಗಳ ಐಸಿಯುನಲ್ಲಿ. ಪತ್ರಿಕೆಗೆ ಬರೆಯುತ್ತಿರುವುದು ಇದೇ ಮೊದಲು. ಘನತೆಯಿಂದ ಸಾಯುವ ಹಕ್ಕಿನ ಬಗ್ಗೆ, ಅಂದರೆ ಗುಣವಾಗುವ ಆಸೆಯೇ ಇಲ್ಲದ ರೋಗಿಗೆ ಯಂತ್ರ ನಿಲ್ಲಿಸುವ ಬಗ್ಗೆ, ನಮ್ಮ ರಾಜ್ಯದಲ್ಲಿ ಸುತ್ತೋಲೆ ಬಂದ ಮೇಲೆ ಅದರ ಬಗ್ಗೆ ಬಂದ ಪತ್ರ, ಲೇಖನ ಕಣ್ಣಿಗೆ ಬಿದ್ದರೆ ಬಿಡದೆ ಓದುತ್ತಿದ್ದೇನೆ. ನಾನು ಓದಿದ್ದೆಲ್ಲ ವಯಸ್ಸಾದವರ ಬಗ್ಗೆ, ಹಾಸಿಗೆ ಹಿಡಿದ ತಂದೆ ತಾಯಿಯ ಬಗ್ಗೆ. ಅದೂ ಬೇಕು, ಬೇಡ ಅನ್ನುವುದಿಲ್ಲ. ಆದರೆ ಹುಟ್ಟಿ ಮೂರು ದಿನ ಆಗಿರುವ, ಉಳಿಯುವ ದಾರಿಯೇ ಇಲ್ಲದ ಮಗುವಿನ ಬಗ್ಗೆ ಒಂದು ಸಾಲು ಸಿಗಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಒಂದು ರಾತ್ರಿಯ ವಿಷಯ ಹೇಳುತ್ತೇನೆ. ಊರು, ಆಸ್ಪತ್ರೆ ಹೆಸರು ಬೇಡ. ಎಷ್ಟೋ ಕಡೆ ಹೀಗೇ ನಡೆಯುತ್ತದೆ.

ಮಗು ಹುಟ್ಟುವಾಗ ಅಳಲಿಲ್ಲ. ಉಸಿರು ಬರುವಷ್ಟರಲ್ಲಿ ತುಂಬಾ ಹೊತ್ತಾಗಿತ್ತು. ನಮ್ಮ ಹತ್ತಿರ ಬಂದು ಐದನೇ ದಿನ. ಫಿಟ್ಸ್ ನಿಂತಿರಲಿಲ್ಲ, ಟಾರ್ಚ್ ಬಿಟ್ಟರೆ ಕಣ್ಣಿನ ಪಾಪೆ ಕುಗ್ಗುತ್ತಿರಲಿಲ್ಲ, ವೆಂಟಿಲೇಟರ್ ಕೊಟ್ಟ ಉಸಿರು ಬಿಟ್ಟರೆ ತಾನಾಗಿ ಒಂದು ಉಸಿರೂ ಎಳೆಯುತ್ತಿರಲಿಲ್ಲ. ತಾಯಿ ಸಿಜೇರಿಯನ್ ಆಗಿ ಬೇರೆ ಊರಿನ ಆಸ್ಪತ್ರೆಯಲ್ಲಿ ಮಲಗಿದ್ದಳು. ಮಗುವಿನ ಮುಖವನ್ನೂ ಸರಿಯಾಗಿ ನೋಡಿರಲಿಲ್ಲ. ನಮ್ಮಲ್ಲಿ ಇದ್ದದ್ದು ಅಪ್ಪ ಮತ್ತು ಅಜ್ಜಿ. ರಾತ್ರಿ ಎರಡೂವರೆಗೆ ಡ್ಯೂಟಿ ಡಾಕ್ಟರ್ ಅಪ್ಪನನ್ನು ಕಾರಿಡಾರಿಗೆ ಕರೆದು, ನಿಂತಲ್ಲೇ, "ಏನೂ ಹೋಪ್ ಇಲ್ಲ, ಮನೆಗೆ ಕರ್ಕೊಂಡು ಹೋಗೋದಾದ್ರೆ ಹೋಗಿ, ಒಂದು ಸೈನ್ ಹಾಕ್ಬೇಕು" ಅಂದರು. ಆ ಹುಡುಗ ಪ್ಯಾಂಟಿಗೆ ಕೈ ಒರೆಸಿಕೊಂಡು ಸೈನ್ ಹಾಕಿದ. ಏನು ಬರೆದಿದೆ ಅಂತ ಓದಲಿಲ್ಲ. ಓದಿದ್ದರೆ ಅದರಲ್ಲಿ ಹೀಗಿತ್ತು: ವೈದ್ಯರ ಸಲಹೆಗೆ ವಿರುದ್ಧವಾಗಿ, ನನ್ನ ಸ್ವಂತ ಜವಾಬ್ದಾರಿಯ ಮೇಲೆ, ಮಗುವನ್ನು ಕರೆದುಕೊಂಡು ಹೋಗುತ್ತಿದ್ದೇನೆ.

ವೈದ್ಯರ ಸಲಹೆಗೆ ವಿರುದ್ಧವಾಗಿ! ಕರೆದುಕೊಂಡು ಹೋಗಿ ಅಂದವರೇ ವೈದ್ಯರು.

ಗಂಟಲಿನ ಪೈಪ್ ಹಾಗೇ ಬಿಟ್ಟು ಅದಕ್ಕೆ ಅಂಬು ಬ್ಯಾಗ್ ಸಿಕ್ಕಿಸಿದೆವು. ಅದು ಕೈಯಿಂದ ಒತ್ತಿ ಗಾಳಿ ಕೊಡುವ ರಬ್ಬರ್ ಚೀಲ. ಆಂಬುಲೆನ್ಸ್‌ನಲ್ಲಿ ಒತ್ತಲು ಯಾರಾದರೂ ಬೇಕಲ್ಲ, ಅಪ್ಪನ ಕೈ ನಡುಗುತ್ತಿತ್ತು, ಹಾಗಾಗಿ ಅಜ್ಜಿಗೆ ಹೇಳಿಕೊಟ್ಟೆ. "ಒತ್ತು, ಎರಡು, ಮೂರು. ಒತ್ತು, ಎರಡು, ಮೂರು. ಎರಡು ಬೆರಳು ಸಾಕು ಅಜ್ಜಿ, ಜೋರಾಗಿ ಬೇಡ." ಅವರು ಒಂದೇ ಸಲಕ್ಕೆ ಕಲಿತುಬಿಟ್ಟರು. ಹೊಲದಲ್ಲಿ ದುಡಿದ ಕೈ, ಆದರೂ ಎಷ್ಟು ಮೆತ್ತಗೆ ಒತ್ತಿದರು ಅಂದರೆ ನಮ್ಮ ಹೊಸ ಹುಡುಗಿಯರಿಗೂ ಅಷ್ಟು ಬರುತ್ತಿರಲಿಲ್ಲ. ಗಾಡಿ ಬಾಗಿಲು ಹಾಕುವಾಗ ಕೇಳಿದರು, "ಎಷ್ಟೊತ್ತು ಒತ್ತಬೇಕವ್ವಾ?" ನಾನು ಉತ್ತರ ಕೊಡಲಿಲ್ಲ.

ಬ್ಯಾಗ್ ಆಸ್ಪತ್ರೆಯದು, ವಾಪಸ್ ಕಳಿಸಿ ಅಂತ ಹೇಳಿದ್ದೆ. ಮಾರನೇ ದಿನ ಡ್ರೈವರ್ ತಂದುಕೊಟ್ಟ. ಯಾವ ಊರು ದಾಟಿದ ಮೇಲೆ ಅಜ್ಜಿ ಒತ್ತುವುದು ನಿಲ್ಲಿಸಿದರು ಅಂತ ಕೇಳಬೇಕು ಅನ್ನಿಸಿತು. ಕೇಳಲಿಲ್ಲ. ಬ್ಯಾಗ್ ತೊಳೆಯಲು ಹಾಕಿದೆ.

ಇದಕ್ಕೆ ಆಸ್ಪತ್ರೆ ಭಾಷೆಯಲ್ಲಿ ಲಾಮಾ ಅಂತಾರೆ, ಕೆಲವು ಕಡೆ ಡಾಮಾ. ವೈದ್ಯರ ಸಲಹೆಗೆ ವಿರುದ್ಧವಾಗಿ ಹೋಗುವುದು ಅನ್ನುವ ಇಂಗ್ಲಿಷ್ ಮಾತಿನ ಮೊದಲಕ್ಷರಗಳು. "ಇವತ್ತು ಎರಡು ಲಾಮಾ ಆಯ್ತು" ಅಂತ ನಾವೇ ಡ್ಯೂಟಿ ಬದಲಾಗುವಾಗ ಹೇಳಿಕೊಳ್ಳುತ್ತಿದ್ದೆವು. ರಿಜಿಸ್ಟರಿನಲ್ಲಿ ಗುಣವಾಗಿ ಹೋದ ಮಕ್ಕಳಿಗೆ ಒಂದು ಕಾಲಂ, ಬೇರೆ ಕಡೆ ಕಳಿಸಿದವರಿಗೆ ಒಂದು, ಸತ್ತವರಿಗೆ ಒಂದು, ಲಾಮಾಗೆ ಒಂದು. ಆ ಮಗು ನಮ್ಮ ರಿಜಿಸ್ಟರಿನಲ್ಲಿ ಸತ್ತೇ ಇಲ್ಲ. ದಾರಿಯಲ್ಲೋ ಮನೆಯಲ್ಲೋ ಹೋದ ಇಂಥ ಎಷ್ಟೋ ಮಕ್ಕಳ ಸಾವನ್ನು ಗ್ರಾಮ ಪಂಚಾಯಿತಿಯಲ್ಲೂ ಯಾರೂ ಬರೆಸುವುದಿಲ್ಲ. ಒಂದು ಗಂಟೆ ಉಸಿರಾಡಿದ ಮಗುವಾದರೂ ಕಾನೂನಿನ ಪ್ರಕಾರ ಅದರ ಹುಟ್ಟನ್ನೂ ಬರೆಸಬೇಕು, ಸಾವನ್ನೂ ಬರೆಸಬೇಕು. ಅದನ್ನು ಅವರಿಗೆ ಹೇಳುವವರು ಯಾರು?

ಈಗ ಕಾನೂನಿನ ಮಾತಿಗೆ ಬರುತ್ತೇನೆ. 2018ರ ಮಾರ್ಚ್ 9ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ, ಘನತೆಯಿಂದ ಸಾಯುವುದೂ ಬದುಕುವ ಹಕ್ಕಿನಲ್ಲೇ ಸೇರಿದೆ ಅಂತ ಹೇಳಿತು. ಗುಣವಾಗುವ ಆಸೆಯೇ ಇಲ್ಲದ ರೋಗಿಗೆ ಜೀವ ಹಿಡಿದಿಡುವ ಯಂತ್ರ ನಿಲ್ಲಿಸಬಹುದು, ಆದರೆ ಅದಕ್ಕೊಂದು ಕ್ರಮ ಇದೆ ಅಂದಿತು. ಆ ಕ್ರಮ ಎಷ್ಟು ಬಿಗಿಯಾಗಿತ್ತು ಅಂದರೆ ಯಾರೂ ಪಾಲಿಸುವ ಹಾಗಿರಲಿಲ್ಲ. 2023ರ ಜನವರಿಯಲ್ಲಿ ಕೋರ್ಟೇ ಅದನ್ನು ಸಡಿಲ ಮಾಡಿತು. ಅದನ್ನು ಹಿಡಿದು ನಮ್ಮ ಆರೋಗ್ಯ ಇಲಾಖೆ 2025ರ ಜನವರಿ 30ರಂದು ಸುತ್ತೋಲೆ ಹೊರಡಿಸಿತು. ದಾವಣಗೆರೆಯ ನಿವೃತ್ತ ಶಿಕ್ಷಕಿ ಎಚ್.ಬಿ. ಕರಿಬಸಮ್ಮನವರು ಈ ಹಕ್ಕಿಗಾಗಿ ವರ್ಷಗಟ್ಟಲೆ ಒಬ್ಬರೇ ಪತ್ರ ಬರೆದು, ಕೋರ್ಟು ಕಚೇರಿ ಅಲೆದವರು. ಅವರಿಗೆ ನನ್ನ ನಮಸ್ಕಾರ.

ಕ್ರಮ ಏನೆಂದರೆ, ಮೊದಲು ಆಸ್ಪತ್ರೆಯಲ್ಲೇ ಒಂದು ವೈದ್ಯರ ಮಂಡಳಿ ಕೂರಬೇಕು. ಚಿಕಿತ್ಸೆ ಕೊಡುತ್ತಿರುವ ಡಾಕ್ಟರ್, ಜೊತೆಗೆ ಆ ವಿಷಯದಲ್ಲಿ ಕನಿಷ್ಠ 5 ವರ್ಷ ಅನುಭವ ಇರುವ ಇನ್ನಿಬ್ಬರು. ಅವರ ಅಭಿಪ್ರಾಯವನ್ನು ಎರಡನೇ ಮಂಡಳಿ ಬೇರೆಯಾಗಿ ನೋಡಬೇಕು. ಅದರಲ್ಲಿ ಮೊದಲ ಮಂಡಳಿಯವರು ಇರುವಂತಿಲ್ಲ, ಜಿಲ್ಲಾ ಆರೋಗ್ಯಾಧಿಕಾರಿ ನೇಮಿಸಿದ ಒಬ್ಬ ವೈದ್ಯರು ಇರಬೇಕು. ಎರಡೂ ಮಂಡಳಿ ಆದಷ್ಟು 48 ಗಂಟೆಯೊಳಗೆ ಹೇಳಬೇಕು. ಮನೆಯವರ ಒಪ್ಪಿಗೆ ಬೇಕು. ಯಂತ್ರ ನಿಲ್ಲಿಸುವ ಮೊದಲು ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು.

ಎಲ್ಲರೂ ಮಾತಾಡಿದ್ದು ಲಿವಿಂಗ್ ವಿಲ್ ಬಗ್ಗೆ, ಅಂದರೆ ಮೊದಲೇ ಬರೆದಿಡುವ ಕಾಗದದ ಬಗ್ಗೆ. ಮೂರು ದಿನದ ಮಗು ಏನು ಬರೆದಿಟ್ಟೀತು? ಆದರೆ ಬರೆದಿಡದೇ ಇದ್ದವರಿಗೆ, ಬಾಯಿಬಿಟ್ಟು ಹೇಳಲಾಗದವರಿಗೆ ಕೂಡ ಇದೇ ದಾರಿ ಇದೆ, ಮನೆಯವರ ಒಪ್ಪಿಗೆ ಮೇಲೆ. ಅಂದ ಮೇಲೆ ಮಗುವಿಗೆ ಬಾಗಿಲು ಹಾಕಿಲ್ಲ. ಮಕ್ಕಳ ತಜ್ಞರ ಸಂಘ, ಅಂದರೆ ಇಂಡಿಯನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್, 2017ರಲ್ಲೇ ಮಕ್ಕಳ ಕೊನೆಗಾಲದ ಆರೈಕೆ ಹೇಗಿರಬೇಕು ಅಂತ ಬರೆದು ಪ್ರಕಟಿಸಿದೆ. ಇಷ್ಟೆಲ್ಲ ಇದ್ದೂ ನಮ್ಮ ವಾರ್ಡುಗಳಲ್ಲಿ ಕೈಗೆ ಸಿಗುವುದು ಆ ಲಾಮಾ ಕಾಗದ ಒಂದೇ.

ಇನ್ನೊಂದು ಮಾತು ನನಗೆ ತುಂಬಾ ಚುಚ್ಚುತ್ತದೆ. 2021ರಲ್ಲಿ ಗರ್ಭಪಾತದ ಕಾನೂನು ತಿದ್ದುಪಡಿ ಆಯಿತಲ್ಲ, ಅದರ ಪ್ರಕಾರ ಹೊಟ್ಟೆಯಲ್ಲಿರುವ ಮಗುವಿಗೆ ದೊಡ್ಡ ದೋಷ ಇದೆ ಅಂತ 24 ವಾರ ದಾಟಿದ ಮೇಲೆ ಗೊತ್ತಾದರೆ, ಮಂಡಳಿ ಕೂರುತ್ತದೆ. ಅದರಲ್ಲಿ ಹೆರಿಗೆ ತಜ್ಞರು, ಮಕ್ಕಳ ತಜ್ಞರು, ಸ್ಕ್ಯಾನಿಂಗ್ ತಜ್ಞರು ಇರುತ್ತಾರೆ, ತಾಯಿಯನ್ನು ಕೇಳುತ್ತಾರೆ. ಅದೇ ಮಗು, ಅದೇ ದೋಷ, ಸ್ಕ್ಯಾನಿನಲ್ಲಿ ತಪ್ಪಿಹೋಗಿ ಹುಟ್ಟಿಬಿಟ್ಟಿತು ಅಂದುಕೊಳ್ಳಿ. ಆಗ ಮಂಡಳಿಯೂ ಇಲ್ಲ, ತಾಯಿಯನ್ನು ಕೇಳುವುದೂ ಇಲ್ಲ. ಕಾರಿಡಾರು, ರಾತ್ರಿ ಎರಡೂವರೆ, ಒಂದು ಪೆನ್ನು.

ನಾನು ಏನು ಕೇಳುತ್ತಿಲ್ಲ ಅನ್ನುವುದನ್ನೂ ಹೇಳಬೇಕು, ಇಲ್ಲದಿದ್ದರೆ ತಪ್ಪು ತಿಳಿಯುತ್ತಾರೆ. ಇಂಜೆಕ್ಷನ್ ಕೊಟ್ಟು ಮಗುವಿನ ಜೀವ ತೆಗೆಯಿರಿ ಅನ್ನುತ್ತಿಲ್ಲ. ನೆದರ್ಲೆಂಡ್ಸ್‌ನ ಗ್ರೋನಿಂಗನ್ ಅನ್ನುವ ಊರಿನ ವೈದ್ಯರು 2004ರ ಹೊತ್ತಿಗೆ ಅಂಥದ್ದಕ್ಕೂ ನಿಯಮ ಮಾಡಿದರು. ನಮ್ಮ ದೇಶದಲ್ಲಿ ಅದು ಅಪರಾಧ, ಹಾಗೇ ಇರಲಿ ಅಂತಲೇ ನನ್ನ ಅಭಿಪ್ರಾಯ. ಅಂಗವಿಕಲ ಮಗು ಬೇಡ ಅನ್ನುವವರ ಪರವೂ ನಾನಲ್ಲ. 1982ರಲ್ಲಿ ಅಮೆರಿಕದ ಇಂಡಿಯಾನಾದಲ್ಲಿ ಡೌನ್ ಸಿಂಡ್ರೋಮ್ ಇರುವ ಮಗುವೊಂದು ಹುಟ್ಟಿತು, ಅನ್ನನಾಳ ಸರಿಯಾಗಿ ಕೂಡಿರಲಿಲ್ಲ. ಅದನ್ನು ಆಪರೇಷನ್ ಮಾಡಿ ಸರಿಪಡಿಸಬಹುದಿತ್ತು. ತಂದೆ ತಾಯಿ ಬೇಡ ಅಂದರು, ಕೋರ್ಟೂ ಅವರ ಮಾತಿಗೆ ಬಿಟ್ಟಿತು, ಮಗು ಆರು ದಿನಕ್ಕೆ ಹೋಯಿತು. ಆ ದೇಶದಲ್ಲಿ ದೊಡ್ಡ ಗಲಾಟೆಯಾಗಿ 1984ರಲ್ಲಿ ಕಾನೂನೇ ಬಂತು. ಅದು ಸಾಯುವ ಕಾಯಿಲೆಯ ಮಗು ಆಗಿರಲಿಲ್ಲ, ಬದುಕುವ ಮಗುವನ್ನು ಕೈಬಿಟ್ಟರು.

ನಮ್ಮಲ್ಲಿ ಇದು ಇಲ್ಲ ಅಂದುಕೊಳ್ಳಬೇಡಿ. ಎರಡನೇ ಹೆಣ್ಣು ಮಗುವಾದರೆ ಲಾಮಾ ಕಾಗದ ಬೇಗ ಕೇಳುತ್ತಾರೆ, ನಾನು ಕಣ್ಣಾರೆ ಕಂಡಿದ್ದೇನೆ. "ಗಂಡಾಗಿದ್ರೆ ಹೆಂಗಾದ್ರೂ ಮಾಡ್ತಿದ್ವಿ ಸಿಸ್ಟರ್" ಅಂತ ಬಾಯಿಬಿಟ್ಟು ಹೇಳಿದವರೂ ಇದ್ದಾರೆ. ಎಂಟುನೂರು ಗ್ರಾಂ ತೂಕದ ಮಗು, ಇಪ್ಪತ್ತೇಳು ವಾರಕ್ಕೆ ಹುಟ್ಟಿದ್ದು, "ಇದು ಎಲ್ಲಿ ಉಳಿಯುತ್ತೆ ಬಿಡಿ" ಅಂತ ಎತ್ತಿಕೊಂಡು ಹೋಗಲು ಬಂದವರನ್ನು ನಾನೇ ಬೈದು ಕೂರಿಸಿದ್ದೇನೆ. ಶ್ವಾಸಕೋಶ ಅರಳಲು ಕೊಡುವ ಸರ್ಫ್ಯಾಕ್ಟಂಟ್ ಔಷಧಿ, ಮೂಗಿನಿಂದ ಒತ್ತಡದಲ್ಲಿ ಗಾಳಿ ಕೊಡುವ ಸಿಪ್ಯಾಪ್ ಯಂತ್ರ, ತಾಯಿಯ ಎದೆಗೆ ಮಗುವನ್ನು ಅಂಟಿಸಿಡುವ ಕಾಂಗರೂ ಆರೈಕೆ, ಇವು ಬಂದ ಮೇಲೆ ಅಂಥ ಎಷ್ಟೋ ಮಕ್ಕಳು ಮನೆಗೆ ಹೋಗುತ್ತಿದ್ದಾರೆ. ಲಾಮಾ ಕಾಗದಕ್ಕೆ ಈ ಮಗು ಬೇರೆ, ಆ ಮಗು ಬೇರೆ ಅಂತ ಗೊತ್ತಿಲ್ಲ. ಬದುಕುವ ಮಗುವಿಗೂ ಅದೇ ಕಾಗದ, ಸಾಯುವ ಮಗುವಿಗೂ ಅದೇ. ಮಂಡಳಿ ಬೇಕು ಅನ್ನುವುದಕ್ಕೆ ನನಗೆ ಇದೇ ದೊಡ್ಡ ಕಾರಣ. ಮೂರು ಮೂರು ಜನ ಡಾಕ್ಟರು ಎರಡು ಸಲ ಕೂತು ನೋಡಿದರೆ, ಇದು ಡೌನ್ ಸಿಂಡ್ರೋಮ್ ಅಷ್ಟೇ, ಇದು ತಿಂಗಳು ತುಂಬದ ಮಗು ಅಷ್ಟೇ, ಬಿಡುವ ಹಾಗಿಲ್ಲ ಅಂತ ಹೇಳುವವರು ಒಬ್ಬರಾದರೂ ಇರುತ್ತಾರೆ.

ನನ್ನ ತಪ್ಪೂ ಒಂದಿದೆ, ಬರೆಯುತ್ತೇನೆ. ಹುಟ್ಟುವಾಗ ಅಳದೆ ಬಂದ ಒಂದು ಗಂಡು ಮಗುವನ್ನು ನೋಡಿ ಮೊದಲ ರಾತ್ರಿಯೇ ನಾನು ಇದು ಮುಗಿಯಿತು ಅಂದುಕೊಂಡಿದ್ದೆ. ಅಜ್ಜನಿಗೆ ಸೂಚನೆಯನ್ನೂ ಕೊಟ್ಟಿದ್ದೆ. ಇಂಥ ಮಕ್ಕಳನ್ನು 72 ಗಂಟೆ ಮೈ ತಂಪು ಮಾಡಿ, 33–34 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡುವ ಚಿಕಿತ್ಸೆ ಇದೆ, ಮೆದುಳಿನ ಹಾನಿ ಸ್ವಲ್ಪ ತಡೆಯಲು. ಅದಾದ ಮೇಲೆ ಆ ಮಗು ಕಣ್ಣು ಬಿಟ್ಟಿತು, ವಾರಕ್ಕೆ ಹಾಲು ಚೀಪಿತು. ನಾಲ್ಕು ವರ್ಷದ ಮೇಲೆ ಅದೇ ಅಜ್ಜನ ಕೈ ಹಿಡಿದುಕೊಂಡು ಸ್ವಲ್ಪ ಕುಂಟುತ್ತಾ ವಾರ್ಡಿಗೆ ಬಂದಿತ್ತು, ನನಗೆ ಒಂದು ಪೇರಳೆ ಹಣ್ಣು ಕೊಟ್ಟಿತು. ಅವತ್ತಿಂದ ಮೊದಲ ರಾತ್ರಿ ನಾನು ಯಾರಿಗೂ ಏನೂ ಹೇಳುವುದಿಲ್ಲ. ಕಾಯಬೇಕು, ಪರೀಕ್ಷೆ ಮಾಡಿಸಬೇಕು, ಇನ್ನೊಬ್ಬರ ಕಣ್ಣು ಬೇಕು. ಎಂಆರ್‌ಐ ಮಾಡಿಸಿ, ಮೆದುಳಿನ ಅಲೆ ನೋಡಿ, ಹಿರಿಯರನ್ನು ಕೇಳಿ, ಆಮೇಲೆ ತೀರ್ಮಾನ.

ಆದರೆ ಕಾದರೂ ಉಳಿಯದ ಮಕ್ಕಳು ಇದ್ದಾರೆ. ಎರಡೂ ಕಿಡ್ನಿ ಇಲ್ಲದೆ, ಅದರಿಂದ ಶ್ವಾಸಕೋಶವೂ ಬೆಳೆಯದೆ ಹುಟ್ಟುವ ಮಗು. ತಲೆಬುರುಡೆ, ಮೆದುಳು ಕೂಡದೆ ಹುಟ್ಟುವ ಮಗು. ಅಲ್ಲಿ ಯಂತ್ರ ಮಾಡುವುದು ಏನು? ಸಾವನ್ನು ಉದ್ದ ಮಾಡುತ್ತದೆ, ಅಷ್ಟೇ. ಅಪ್ಪ ಹೊರಗೆ ತಾಳಿ ಸರ ಅಡವಿಟ್ಟು ದುಡ್ಡು ಕಟ್ಟುತ್ತಿರುತ್ತಾನೆ. ಒಳಗೆ ಆ ಮಗುವಿಗೆ ದಿನಕ್ಕೆ ನಾಲ್ಕು ಸಲ ಹಿಮ್ಮಡಿ ಚುಚ್ಚಿ ರಕ್ತ ತೆಗೆಯುತ್ತಿರುತ್ತೇವೆ. ಚುಚ್ಚಿದ ಜಾಗಕ್ಕೇ ಮತ್ತೆ ಚುಚ್ಚಿ ಹಿಮ್ಮಡಿ ನೀಲಿಯಾಗಿರುತ್ತದೆ. ಹಸುಗೂಸಿಗೆ ನೋವು ಗೊತ್ತಾಗಲ್ಲ ಅಂತ ಒಂದು ಕಾಲದಲ್ಲಿ ದೊಡ್ಡ ಡಾಕ್ಟರುಗಳೇ ನಂಬಿದ್ದರು. ಅರಿವಳಿಕೆ ಸರಿಯಾಗಿ ಕೊಡದೆ ಆಪರೇಷನ್ ಮಾಡುತ್ತಿದ್ದರು. 1987ರಲ್ಲಿ ಕನ್ವಲ್ಜೀತ್ ಆನಂದ್ ಅನ್ನುವ ನಮ್ಮ ಮೂಲದ ವೈದ್ಯರು ಮತ್ತು ಅವರ ಜೊತೆಗಾರರು ಅದು ತಪ್ಪು ಅಂತ ತೋರಿಸಿದರು. ಈಗ ಚುಚ್ಚುವ ಮೊದಲು ನಾಲಿಗೆಗೆ ಎರಡು ಹನಿ ಸಕ್ಕರೆ ನೀರು ಬಿಡುತ್ತೇವೆ, ಮುಖ ಕಿವುಚುವುದು ಕಡಿಮೆಯಾಗುತ್ತದೆ. ಯಂತ್ರ ಬಿಡಿಸಿ ಮನೆಗೆ ಕಳಿಸುವ ಮಗುವಿಗೆ ಆ ಎರಡು ಹನಿಯೂ ಇಲ್ಲ, ನೋವಿನ ಔಷಧಿಯೂ ಇಲ್ಲ. ಮಾರ್ಫಿನ್ ಸಿಗುವುದು ಸಲೀಸಾಗಲಿ ಅಂತ 2014ರಲ್ಲಿ ಸಂಸತ್ತು ಕಾನೂನು ತಿದ್ದಿತು. ಆ ಔಷಧಿ ಆಂಬುಲೆನ್ಸಿನ ಹಿಂದಿನ ಸೀಟಿಗೆ ಬರುವುದಿಲ್ಲವಲ್ಲ.

ಸರಿಯಾಗಿ ಮಾಡಿದ್ದನ್ನೂ ನಾನು ನೋಡಿದ್ದೇನೆ. ಒಂದೇ ಸಲ ಅಲ್ಲ, ಆದರೆ ಒಂದನ್ನು ಹೇಳುತ್ತೇನೆ.

ಹೆಣ್ಣು ಮಗು, ಎಡ್ವರ್ಡ್ಸ್ ಸಿಂಡ್ರೋಮ್. ಅಂದರೆ 18ನೇ ಕ್ರೋಮೋಸೋಮ್ ಎರಡು ಇರಬೇಕಾದ ಕಡೆ ಮೂರು. ಇಂಥ ಮಕ್ಕಳು ಬೆರಳೆಣಿಕೆಯಷ್ಟು ಮಾತ್ರ ವರ್ಷ ದಾಟುತ್ತಾರೆ, ಈ ಮಗುವಿಗೆ ಹೃದಯವೂ ತುಂಬಾ ಕೆಟ್ಟಿತ್ತು. ಅವತ್ತಿನ ಡಾಕ್ಟರ್ ಮೇಡಂ ಮೊದಲು ಮಾಡಿದ ಕೆಲಸ, ನನ್ನ ಕೈಲಿ ನಾಲ್ಕು ಕುರ್ಚಿ ತರಿಸಿದ್ದು. ತಾಯಿಯನ್ನು ವೀಲ್‌ಚೇರಿನಲ್ಲಿ ಕರೆಸಿದರು. ಅತ್ತೆ ಅಡ್ಡ ಬಂದರು, "ಬಾಣಂತಿ, ಅವಳಿಗೆ ಹೇಳ್ಬೇಡಿ ಮೇಡಂ, ನಂಜಾಗುತ್ತೆ" ಅಂತ. ಮೇಡಂ, "ಅಮ್ಮಾ, ಹೆತ್ತವಳು ಅವಳು, ಅವಳಿಗೆ ಹೇಳದೆ ನಾನು ಯಾರಿಗೆ ಹೇಳಲಿ" ಅಂದರು. ಎರಡು ದಿನದಲ್ಲಿ ಮೂರು ಸಲ ಕೂತರು. ಮೊದಲ ದಿನ ತಾಯಿ ಏನೂ ಕೇಳಿಸಿಕೊಳ್ಳಲಿಲ್ಲ, ಎರಡನೇ ಸಲ ಬೈದಳು, ಮೂರನೇ ಸಲ "ಅವಳಿಗೆ ಉಸಿರು ಕಟ್ಟುತ್ತಾ?" ಅಂತ ಕೇಳಿದಳು. "ಕಟ್ಟದ ಹಾಗೆ ಔಷಧಿ ಕೊಡ್ತೀನಿ, ನಾನು ಇಲ್ಲೇ ಇರ್ತೀನಿ" ಅಂದರು ಮೇಡಂ.

ಮೂಲೆಯಲ್ಲಿ ಎರಡು ಪರದೆ ಎಳೆದೆವು. ಮಾನಿಟರಿನ ಶಬ್ದ ಬಂದ್ ಮಾಡಿದೆವು. ಮಗುವಿನ ಕೆನ್ನೆಯ ಪ್ಲಾಸ್ಟರನ್ನು ನಾನು ಹತ್ತಿಗೆ ಕೊಬ್ಬರಿ ಎಣ್ಣೆ ಹಚ್ಚಿ ನಿಧಾನಕ್ಕೆ ಬಿಡಿಸಿದೆ. ಕಿತ್ತರೆ ಸಿಪ್ಪೆ ಬರುತ್ತದೆ, ಅಷ್ಟು ತೆಳ್ಳಗಿನ ಚರ್ಮ. ಪ್ಲಾಸ್ಟರ್ ಇಲ್ಲದ ಮುಖವನ್ನು ತಾಯಿ ನೋಡಿದ್ದು ಆಗಲೇ ಮೊದಲು. "ಬಾಯಿ ನಮ್ಮತ್ತೆ ಥರಾನೇ ಇದೆ" ಅಂದಳು. ಅಲ್ಲಿವರೆಗೆ ದೂರ ನಿಂತಿದ್ದ ಅತ್ತೆ ಹತ್ತಿರ ಬಂದರು. ಈ ಕಾಯಿಲೆಯಲ್ಲಿ ಮಗುವಿನ ಮುಷ್ಟಿ ಬಿಗಿಯಾಗಿರುತ್ತದೆ, ತೋರು ಬೆರಳು ನಡುಬೆರಳಿನ ಮೇಲೆ ಹತ್ತಿರುತ್ತದೆ. ತಾಯಿ ಆ ಬೆರಳನ್ನು ಬಿಡಿಸಿ ಬಿಡಿಸಿ ತನ್ನ ಬೆರಳು ಇಟ್ಟಳು. ಕೈಗೆ ಕಟ್ಟಿದ್ದ ಪಟ್ಟಿಯಲ್ಲಿ ಹೆಸರಿರಲಿಲ್ಲ, ಬೇಬಿ ಆಫ್ ಇಂಥವರು ಅಂತ ತಾಯಿ ಹೆಸರಷ್ಟೇ ಇತ್ತು. ಆ ಅತ್ತೆಯೇ ಮಗುವಿನ ಕಿವಿಯಲ್ಲಿ ಮೂರು ಸಲ ಹೆಸರು ಹೇಳಿದರು. ನಮ್ಮ ವಾರ್ಡಿನಲ್ಲಿ ಅಪ್ಪ ಬಂದು ಮಗುವಿನ ಕಿವಿಯಲ್ಲಿ ಆಜಾನ್ ಹೇಳಿದ್ದನ್ನು ನೋಡಿದ್ದೇನೆ, ಪಾದ್ರಿ ಬರುವಷ್ಟು ಹೊತ್ತಿಲ್ಲ ಅಂತ ನನ್ನ ಜೊತೆಯ ಸಿಸ್ಟರೇ ಹಣೆಗೆ ನೀರು ಬಿಟ್ಟು ಜ್ಞಾನಸ್ನಾನ ಮಾಡಿದ್ದನ್ನೂ ನೋಡಿದ್ದೇನೆ. ಔಷಧಿ ಕೊಟ್ಟು, ಪೈಪ್ ತೆಗೆದು, ಮಗುವನ್ನು ತಾಯಿಯ ಎದೆಗೆ ಇಟ್ಟು ಮೇಲೆ ಸೀರೆ ಹೊದಿಸಿದೆವು. ಆಮೇಲೆ ಮಗು ಒಂದು ಗಂಟೆ ನಲವತ್ತು ನಿಮಿಷ ಬದುಕಿತ್ತು. ಮೇಡಂ ಹೇಳಿದ ಹಾಗೆ ಅಲ್ಲೇ ನೆಲದ ಮೇಲೆ ಕೂತಿದ್ದರು.

ಇದು 2018ರ ತೀರ್ಪಿಗಿಂತ ಮೊದಲಿನ ಮಾತು. ಮೇಡಂಗೆ ಅವತ್ತು ಕೇಸಿನ ಭಯ ಇತ್ತು, ನನಗೆ ಗೊತ್ತು, ಕೇಸ್ ಶೀಟಿನಲ್ಲಿ ಏನು ಬರೆಯಲಿ ಅಂತ ಅರ್ಧ ಗಂಟೆ ಪೆನ್ನು ಹಿಡಿದುಕೊಂಡು ಕೂತಿದ್ದರು. ಆ ಭಯಕ್ಕೇ ಉಳಿದವರು ಲಾಮಾ ಕಾಗದ ಹಿಡಿಯುವುದು. ನಾನು ಅವರನ್ನು ದೂರುವುದಿಲ್ಲ. ಗಲಾಟೆ, ಕಲ್ಲು ತೂರಾಟ, ಪೊಲೀಸು, ಎಲ್ಲ ಅನುಭವಿಸಿದವರು. ಆದರೆ ಈಗ ಕಾನೂನು ಅವರ ಬೆನ್ನಿಗಿದೆ. ಈಗಲೂ ಕಾಗದದ ಹಿಂದೆ ಅಡಗಿಕೊಂಡರೆ ಏನು ಹೇಳೋಣ?

ಇಂಗ್ಲೆಂಡಿನ ಚಾರ್ಲಿ ಗಾರ್ಡ್ ಅನ್ನುವ ಮಗುವಿನ ವಿಷಯ 2017ರಲ್ಲಿ ಪತ್ರಿಕೆಗಳಲ್ಲಿ ಬಂದಿತ್ತು, ಕೆಲವರಿಗಾದರೂ ನೆನಪಿರಬಹುದು. ಅಲ್ಲಿ ಆಸ್ಪತ್ರೆಯವರು ಯಂತ್ರ ನಿಲ್ಲಿಸೋಣ ಅಂದರು, ತಂದೆ ತಾಯಿ ಬೇಡ, ಅಮೆರಿಕಕ್ಕೆ ಕರೆದುಕೊಂಡು ಹೋಗುತ್ತೇವೆ ಅಂದರು, ಜನರಿಂದ ದುಡ್ಡೂ ಎತ್ತಿದರು. ಕೋರ್ಟಿನ ಮೇಲೆ ಕೋರ್ಟು ಹತ್ತಿ, ಕೊನೆಗೆ ಒಂದು ವರ್ಷ ತುಂಬಲು ವಾರ ಇರುವಾಗ ಮಗು ಹೋಯಿತು. ನಮ್ಮ ಕಷ್ಟ ಅದರ ತದ್ವಿರುದ್ಧ. ಅಲ್ಲಿ ತೀರ್ಮಾನ ಮಾಡಲು ಬೇಕಾದ್ದಕ್ಕಿಂತ ಜಾಸ್ತಿ ಜನ, ಇಲ್ಲಿ ಒಬ್ಬನೇ ಹುಡುಗ. ಯಾರೂ ಕೋರ್ಟಿಗೆ ಹೋಗುವುದಿಲ್ಲ, ಯಾರೂ ಕೇಳುವುದಿಲ್ಲ, ಸುಮ್ನೆ ಗಾಡಿ ಹತ್ತಿಸುತ್ತೇವೆ.

ಅರುಣಾ ಶಾನಭಾಗರ ನೆನಪು ನನಗೆ ಆಗಾಗ ಬರುತ್ತದೆ. ಹೊನ್ನಾವರದ ಹತ್ತಿರದ ಹಳದೀಪುರದ ಹುಡುಗಿ, ನಮ್ಮ ಹಾಗೇ ನರ್ಸು. 1973ರಲ್ಲಿ ಮುಂಬೈಯ ಕೆಇಎಂ ಆಸ್ಪತ್ರೆಯಲ್ಲಿ ಆಕೆಯ ಮೇಲೆ ನಡೆದ ಕ್ರೂರ ದಾಳಿಯಿಂದ ಮೆದುಳಿಗೆ ತೀವ್ರ ಹಾನಿಯಾಗಿ 42 ವರ್ಷ ಹಾಸಿಗೆಯಲ್ಲೇ ಇದ್ದು 2015ರಲ್ಲಿ ತೀರಿಕೊಂಡರು. ಈ ದೇಶದಲ್ಲಿ ಈ ಚರ್ಚೆ ದೊಡ್ಡದಾಗಿ ಎದ್ದದ್ದು ಅವರ ಕೇಸಿನಿಂದ, 2011ರ ತೀರ್ಪಿನಿಂದ. ಅಲ್ಲಿನ ನರ್ಸುಗಳು ಆಹಾರ ನಿಲ್ಲಿಸಲು ಒಪ್ಪಲಿಲ್ಲ, ನಾವು ನೋಡಿಕೊಳ್ಳುತ್ತೇವೆ ಅಂದರು, ನೋಡಿಕೊಂಡರು ಕೂಡ, ಅಷ್ಟು ವರ್ಷವೂ ಮಗ್ಗುಲು ಬದಲಿಸಿ, ಬೆನ್ನಿಗೆ ಹುಣ್ಣಾಗದ ಹಾಗೆ. ಅವರ ತೀರ್ಮಾನ ಸರಿಯೋ ತಪ್ಪೋ ಅಂತ ವಾದ ಇದೆ. ನನಗೆ ಮುಖ್ಯ ಅನ್ನಿಸುವುದು ಅವರು ಆಕೆಯನ್ನು ಗೇಟಿನ ಹೊರಗೆ ಕಳಿಸಲಿಲ್ಲ ಅನ್ನುವುದು.

ಹಾಗಾಗಿ ಆರೋಗ್ಯ ಇಲಾಖೆಯನ್ನು ನಾನು ಕೇಳಿಕೊಳ್ಳುವುದು ಇಷ್ಟು. ಜಿಲ್ಲಾ ಆಸ್ಪತ್ರೆಗಳಲ್ಲಿ ಹಸುಗೂಸುಗಳಿಗೆ ಇರುವ ವಿಶೇಷ ಘಟಕ, ಅಂದರೆ ಎಸ್‌ಎನ್‌ಸಿಯು, ವೈದ್ಯಕೀಯ ಕಾಲೇಜುಗಳ ಹಸುಗೂಸುಗಳ ಐಸಿಯು, ಖಾಸಗಿಯವರು, ಎಲ್ಲರಿಗೂ ಹಸುಗೂಸುಗಳಿಗಂತಲೇ ಒಂದು ಮಾರ್ಗಸೂಚಿ ಕನ್ನಡದಲ್ಲಿ ಕಳಿಸಿ. ವೆಂಟಿಲೇಟರಿನಲ್ಲಿರುವ ಮಗುವಿಗೆ ಲಾಮಾ ಸೈನ್ ಹಾಕಿಸಿಕೊಂಡು ಕಳಿಸುವುದನ್ನು ನಿಲ್ಲಿಸಿ. ಮಂಡಳಿ ಕೂರಲಿ, ಆ ಮಂಡಳಿಯಲ್ಲಿ ಹಸುಗೂಸುಗಳ ವಿಷಯ ತಿಳಿದವರು ಇರಲಿ. ತಾಲ್ಲೂಕಿನಲ್ಲಿ ಅಂಥವರು ಸಿಗದಿದ್ದರೆ ವಿಡಿಯೊ ಕಾಲ್‌ನಲ್ಲಿ ಬರಲಿ, ಕೋವಿಡ್ ಕಾಲದಲ್ಲಿ ಎಷ್ಟೊಂದು ಮಾಡಲಿಲ್ಲವೇ? ತಾಯಿ ಬೇರೆ ಆಸ್ಪತ್ರೆಯಲ್ಲಿದ್ದರೆ ಅವಳನ್ನು ಕರೆಸಲು ಗಾಡಿ ಕಳಿಸಿ. ಯಂತ್ರ ನಿಲ್ಲಿಸುವುದು ಅಂತ ತೀರ್ಮಾನವಾದರೆ ಆಸ್ಪತ್ರೆಯೊಳಗೇ, ನೋವಿನ ಔಷಧಿ ಕೊಟ್ಟು, ಅಮ್ಮನ ಮಡಿಲಲ್ಲಿ ಆಗಲಿ. ಕೊನೆ ಹೊತ್ತಿಗೆ ಮಗು ಮನೆಯಲ್ಲೇ ಇರಲಿ ಅನ್ನುವವರೂ ಇರುತ್ತಾರೆ. ಅವರಿಗೆ ಔಷಧಿ ಕೊಟ್ಟು, ಏನೇನಾಗಬಹುದು ಅಂತ ಮೊದಲೇ ಹೇಳಿ, ಒಬ್ಬ ನರ್ಸನ್ನು ಜೊತೆಗೆ ಕಳಿಸಿ. ಬಿಲ್ಲಿನ ಮಾತು ಅವತ್ತು ಬೇಡ.

ಒಂದು ವಿಷಯ ಯಾವ ಸುತ್ತೋಲೆಯಲ್ಲೂ ಇರುವುದಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ಮಗು ಹೋಗಿದ್ದರೂ ಹೆರಿಗೆಯಾದ ಎರಡು ಮೂರು ದಿನಕ್ಕೆ ತಾಯಿಗೆ ಎದೆಹಾಲು ತುಂಬಿ ಬರುತ್ತದೆ. ಎದೆ ಕಲ್ಲಾಗುತ್ತದೆ, ಜ್ವರ ಬರುತ್ತದೆ, ಪಕ್ಕದ ಮಂಚದ ಮಗು ಅತ್ತರೆ ಕುಪ್ಪಸ ನೆನೆಯುತ್ತದೆ. ಇದು ಹೀಗಾಗುತ್ತದೆ, ಬಿಗಿಯಾಗಿ ಕಟ್ಟಬೇಡ, ತಣ್ಣೀರು ಬಟ್ಟೆ ಇಡು, ತಡೆಯಲಾಗದಷ್ಟು ನೋವಾದರೆ ಸ್ವಲ್ಪ ಹಿಂಡಿ ತೆಗೆ, ಹಾಲು ನಿಲ್ಲಿಸಲು ಮಾತ್ರೆ ಇದೆ, ಡಾಕ್ಟರನ್ನು ಕೇಳು, ಅಂತ ಹೇಳುವವರು ಯಾರೂ ಇರುವುದಿಲ್ಲ. ಲಾಮಾ ಆದ ಮಗುವಿನ ತಾಯಿಯನ್ನು ಯಾರೂ ಫೋನ್ ಮಾಡಿ ಕೇಳುವುದಿಲ್ಲ. ಆಶಾ ಕಾರ್ಯಕರ್ತೆಯರು ಮಗು ಇರುವ ಮನೆಗೆ ಹೋಗುತ್ತಾರೆ. ಮಗು ಇಲ್ಲವಾದ ಮನೆಗೂ ಹೋಗಿ ಅಂತ ಇಲಾಖೆ ಹೇಳಲಿ, ಅದಕ್ಕೂ ಅವರಿಗೆ ದುಡ್ಡು ಕೊಡಲಿ.

ಈ ಪತ್ರವನ್ನು ಅಂಥ ಕಾಗದಕ್ಕೆ ಸೈನ್ ಹಾಕಿದ ಅಪ್ಪಂದಿರು ಯಾರಾದರೂ ಓದುತ್ತಿದ್ದರೆ ಅವರಿಗೊಂದು ಮಾತು. ನಿಮ್ಮಲ್ಲಿ ಒಬ್ಬರು ಆರು ವರ್ಷದ ಮೇಲೆ ನನ್ನನ್ನು ಬಸ್ ಸ್ಟ್ಯಾಂಡಿನಲ್ಲಿ ಗುರುತು ಹಿಡಿದು, "ಸಿಸ್ಟರ್, ನಾನು ಸೈನ್ ಹಾಕ್ದೇ ಇದ್ದಿದ್ರೆ ಉಳೀತಿತ್ತಾ?" ಅಂತ ಕೇಳಿದ್ದರು. ಇಲ್ಲಪ್ಪ, ಉಳಿಯುತ್ತಿರಲಿಲ್ಲ. ಆ ಮಗುವಿನ ಕೇಸ್ ಶೀಟ್ ನನಗೆ ನೆನಪಿದೆ. ನಮಗೆಲ್ಲ ಅದು ಗೊತ್ತಿತ್ತು, ಡಾಕ್ಟರಿಗೆ ಗೊತ್ತಿತ್ತು, ನನಗೆ ಗೊತ್ತಿತ್ತು. ಅವತ್ತು ನಿಮ್ಮ ಹೆಸರಿನ ಕೆಳಗೆ ನಾವೂ ಸೈನ್ ಹಾಕಬೇಕಾಗಿತ್ತು.

ಇಂತಿ,
ನಿವೃತ್ತ ನರ್ಸ್ ಒಬ್ಬರು
ಶಿವಮೊಗ್ಗ ಜಿಲ್ಲೆ